ಬಿಡು ಅನ್ನುವ ತನಕ

"ಬ್ರೇಕ್ ಬ್ಲೀಡ್ ಮಾಡ್ಬೇಕು ಸರ್" ಅಂದದ್ದೇ ತಡ, ಕಾರಿನ ಯಜಮಾನನ ಮುಖ ಬಿಳುಚಿಕೊಂಡಿತು.

"ಹೆದರ್ಬೇಡಿ, ಈಗ ರಕ್ತ ಹೋಗೋದು ಕಾರಿಗೆ. ಬಿಲ್ ನೋಡಿದ್ಮೇಲೆ ನಿಮಗೆ!"

ಗ್ಯಾರೇಜಿನಲ್ಲಿ ಈ ಮೆಕ್ಯಾನಿಕ್ಕಿಗೆ ಡೈಲಾಗ್ ಅಂತಲೇ ಹೆಸರು. ಮಾತು ಎಸೆದು ಅಣ್ಣನ ಕಡೆ ನೋಡುವುದು ಅವನ ಚಾಳಿ. ಮೊದಲೆಲ್ಲ ಕಾರಿನಡಿಯಿಂದ ನಗು ಕೇಳುತ್ತಿತ್ತು. ಈಗ ಸ್ಪ್ಯಾನರ್ ಸದ್ದಷ್ಟೇ.

ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವ ಈ ಕೆಲಸಕ್ಕೆ ಇಬ್ಬರು ಬೇಕು. ಚಕ್ರದ ಬಳಿ ಇರುವವನು "ಒತ್ತು" ಅಂದರೆ ಮೇಲಿರುವವನು ಪೆಡಲ್ ಒತ್ತಬೇಕು. "ಹಿಡ್ಕೋ" ಅಂದರೆ ಪಾದ ಅಲುಗಬಾರದು. ಕೆಳಗಿನವನು ಸ್ಕ್ರೂ ಸಡಿಲಿಸಿದಾಗ ಗುಳ್ಳೆ ಸಮೇತ ಆಯಿಲ್ ಚಿಮ್ಮುತ್ತದೆ. ಅದನ್ನು ಬಿಗಿದು "ಬಿಡು" ಅಂದ ಮೇಲೆಯೇ ಕಾಲೆತ್ತಬೇಕು. ಮೊದಲೇ ಎತ್ತಿದರೆ ಗಾಳಿ ವಾಪಸ್ ಒಳಕ್ಕೆ.

ಎರಡು ವರ್ಷದ ಹಿಂದೆ, ಹೀರೋ ಎಂಟ್ರಿ ಡೈಲಾಗ್ ಹೊಡೆಯುವ ಜೋರಿನಲ್ಲಿ ಅವನು ಮೊದಲೇ ಕಾಲೆತ್ತಿದ್ದ. ಬೈಗುಳಕ್ಕೆ ಹೆದರಿ ಬಾಯಿ ಮುಚ್ಚಿಕೊಂಡ. ಆ ಕಾರು ಓಡಿಸಿ ನೋಡಲು ಹೋದವನು ಅಣ್ಣ. ಬ್ರೇಕ್ ಸಿಗಲಿಲ್ಲ, ಸಿಕ್ಕಿದ್ದು ಗೋಡೆ. ಅಣ್ಣನ ಒಡೆದ ಮಂಡಿಗೆ ಬಟ್ಟೆ ಒತ್ತಿ ಹಿಡಿದು, ರಕ್ತ ಬೆರಳಿನ ಸಂದಿಯಿಂದ ಸೋರುತ್ತಿರುವಾಗ ಡೈಲಾಗ್ ನಿಜ ಹೇಳಿದ. ಅಂದಿನಿಂದ ಅಣ್ಣ ಅವನ ಜೊತೆ ಆಡಿದ್ದು ಬರೀ ಆ ಮೂರು ಮಾತು.

ಇವತ್ತು ಅಣ್ಣನ ಕೊನೆಯ ದಿನ. ನಾಳೆಯಿಂದ ಊರಾಚೆ ಬೇರೆ ಗ್ಯಾರೇಜು.

ಮೂರು ಚಕ್ರ ಮುಗಿಯಿತು. ನಾಲ್ಕನೆಯದು. ಯಾವ ಸಿನಿಮಾದಿಂದಲೂ ಕದಿಯದ ಮಾತೊಂದನ್ನು ಡೈಲಾಗ್ ವಾರದಿಂದ ಬಾಯಿಪಾಠ ಮಾಡಿದ್ದ.

"ಒತ್ತು."

ಒತ್ತಿದ. "ಅಣ್ಣಾ, ತಪ್ಪಾಯ್ತು ಕಣೋ. ಹೋಗ್ಬೇಡ."

"ಹಿಡ್ಕೋ."

ಹಿಡಿದ. ಪೆಡಲ್ ಸ್ವಲ್ಪ ಕುಸಿದು ಕಲ್ಲಾಗಿ ನಿಂತಿತು. ಕುಂಟು ಹೆಜ್ಜೆ ಬಾಗಿಲ ಕಡೆ ಸರಿದದ್ದು ಕೇಳಿಸಿತು. ಆಯಿಲ್ ಡಬ್ಬ ತರಲು ಹೋಗಿರಬೇಕು, ಬಂದು ಹೇಳುತ್ತಾನೆ ಅಂದುಕೊಂಡ. ಅರ್ಧ ಗಂಟೆಯಾದರೂ ಕಾಲೆತ್ತಲಿಲ್ಲ.

ಬಂದದ್ದು ಅತ್ತಿಗೆ.

"ಏನೋ, ಒಬ್ನೇ ಕಾರಲ್ಲಿ ಕೂತು ಯಾವ ಶೂಟಿಂಗು?"

"ಶ್! ಅಣ್ಣ ಇನ್ನೂ 'ಬಿಡು' ಅಂದಿಲ್ಲ."

ಅತ್ತಿಗೆಯ ನಗು ಅರ್ಧಕ್ಕೇ ನಿಂತಿತು. "ಅವ್ರು ಆಗ್ಲೇ ಬಸ್ ಹತ್ತಿದ್ರು ಕಣೋ. ಊಟದ ಡಬ್ಬಿ ಇಲ್ಲೇ ಮರ್ತೆ ಅಂತ ಫೋನ್ ಮಾಡಿದ್ರು, ಅದಕ್ಕೇ ಬಂದೆ." ಚಕ್ರದ ಕಡೆ ಬಗ್ಗಿ ನೋಡಿದಳು. ಸ್ಕ್ರೂ ಬಿಗಿದು, ಒರೆಸಿ, ರಬ್ಬರ್ ಟೋಪಿ ಕೂಡ ಹಾಕಿಯಾಗಿತ್ತು. "ಎಲ್ಲಾ ಮುಗ್ಸೇ ಹೋಗಿದಾರೆ. ಕಾಲು ತೆಗೀ, ಸಾಕು."

"ನೀವು ಹೇಳಿದ್ರೆ ಆಗಲ್ಲ ಅತ್ತಿಗೆ" ಅಂದ ಡೈಲಾಗ್, ಪೆಡಲ್ ಇನ್ನಷ್ಟು ಬಲವಾಗಿ ಒತ್ತಿ.