ಎಡ ಫೋರ್ಕಿನೊಳಗೆ

"ಬಾವಾ, ಇದು ಗಾಡಿಯಾ, ಕಾರಾ?"

ನವನೀತನ್ ಬೈಕಿನ ಸೀಟಿನ ಮೇಲೆ ಎರಡೂ ಕೈಯೂರಿ ಅದುಮಿ ನೋಡಿದ. ಹಿಂದಿನ ಹೊಸ ಶಾಕ್‌ಗಳು ಅವನ ಭಾರವನ್ನು ಮೆತ್ತಗೆ ಒಳಗೆಳೆದುಕೊಂಡು, ಆತುರವಿಲ್ಲದೆ ಮೇಲೆತ್ತಿದವು. "ನಮ್ ಗಾಡೀಲಿ ಒಂದು ಗುಂಡಿ ಇಳಿದ್ರೆ ಹಲ್ಲು ಎಣಿಸ್ಕೋಬೇಕು. ಮುಂದ್ಗಡೇನೂ ಹೊಸ ಸ್ಪ್ರಿಂಗಾ?"

"ಹೂಂ ಮಾಪ್ಳೆ. ಎಲ್ಲಾ ನಾನೇ ಹಾಕ್ದೆ" ಎಂದ ದೀನದಯಾಳನ್, ಹೆಂಡತಿಯ ತಮ್ಮನಿಗೆ. ಆ ಮಾತಿಗೆ ಇನ್ನೊಂದು ಮಾತು ಸೇರಿಸಲು ಅವನಿಗೆ ಒಂದು ಗಳಿಗೆ ಸಿಕ್ಕಿತ್ತು. ಸೇರಿಸಲಿಲ್ಲ.

ಅವನ ಹೆಂಡತಿ ಮಲ್ಲಿಗಾ ಮಗ್ಗದ ಶೆಡ್ಡಿನಿಂದ ಹೊರಬಂದು, ಅರಿಶಿನ ಹಚ್ಚಿದ ಲಗ್ನಪತ್ರಿಕೆಗಳ ಚೀಲವನ್ನು ತಮ್ಮನ ಹೆಂಡತಿ ತಮಿಳ್‌ಸೆಲ್ವಿಯ ಕೈಗಿತ್ತಳು. ಮಗಳು ವಿನೋದಿನಿಯ ಮದುವೆಗೆ ಇನ್ನು ಇಪ್ಪತ್ತು ದಿನ. ಅವರ ಮನೆತನದಲ್ಲಿ ಮದುವೆಯ ಮೊದಲ ವೀಳ್ಯವನ್ನು ಹುಡುಗಿಯ ಸೋದರಮಾವನೇ ಹೆಂಡತಿಯೊಂದಿಗೆ ಹೋಗಿ ಹಿರಿಯರ ಕೈಗೆ ಕೊಡಬೇಕು. ಈಗ ಉಳಿದಿರುವ ಹಿರಿಯಳೆಂದರೆ ಕೋತಗಿರಿಯ ಪೆರಿಯನಾಯಕಿ ಅತ್ತೆ ಒಬ್ಬಳೇ. ನವನೀತನ ಬೈಕು ಇಬ್ಬರನ್ನು ಹೊತ್ತು ಬೆಟ್ಟ ಹತ್ತುವ ಸ್ಥಿತಿಯಲ್ಲಿರಲಿಲ್ಲ; ಅದಕ್ಕೇ ಬಾವನ ಬೈಕು.

"ಹುಷಾರಾಗಿ ಓಡಿಸಪ್ಪಾ" ಎಂದಳು ಮಲ್ಲಿಗಾ. "ಒಂದು ಗೀಚು ಬಿದ್ರೂ ನಿಮ್ ಬಾವ ಊಟ ಬಿಡ್ತಾರೆ. ಮದ್ವೆಯಾದಾಗಿಂದ ನನ್ನನ್ನ ಹಾಗೆ ಒರೆಸಿ ಇಟ್ಟಿಲ್ಲ."

ಎಲ್ಲರೂ ನಕ್ಕರು. ದೀನದಯಾಳನೂ ನಕ್ಕ. ಬೈಕು ಸೋಮನೂರಿನ ಬೀದಿ ದಾಟಿ ಮರೆಯಾಗುವವರೆಗೆ ಅವನ ಕಣ್ಣು ಮುಂದಿನ ಚಕ್ರದ ಎಡಪಕ್ಕವನ್ನು ಬಿಡಲಿಲ್ಲ.

ಎರಡು ವಾರದ ಹಿಂದಿನವರೆಗೂ, ನೂಲು ಸುತ್ತಿದ ಬೀಮಿನ ಉರುಳೆಯನ್ನು ಹಿಂದೆ ಕಟ್ಟಿಕೊಂಡು ಬರುವಾಗ ಹಳೆಯ ಶಾಕ್‌ಗಳು ಪ್ರತಿ ಉಬ್ಬಿಗೂ ತಳಕ್ಕೆ ಬಡಿಯುತ್ತಿದ್ದವು. ಕಂಪನಿಯ ಬಿಡಿಭಾಗ ಕೊಳ್ಳುವ ಶಕ್ತಿಯಿರಲಿಲ್ಲ. ಕೋಯಮತ್ತೂರಿನ ಉಕ್ಕಡದ ಒಂದು ಅಂಗಡಿಯಲ್ಲಿ ಮೂರನೇ ಒಂದು ಪಾಲು ಬೆಲೆಗೆ ಹೊರಗಿನ ತಯಾರಿಕೆಯ ಸೆಟ್ಟು ಸಿಕ್ಕಿತು. ಹಿಂದಕ್ಕೆ ಎರಡು ಶಾಕ್, ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಫೋರ್ಕುಗಳಿಗೆ ಬಿಗಿಯಾದ ಸ್ಪ್ರಿಂಗು. ಹೊಸ ಸ್ಪ್ರಿಂಗು ಹಳೆಯದಕ್ಕಿಂತ ಗಿಡ್ಡ. ಅದರ ತಲೆಯ ಮೇಲೆ ಬೆರಳುದ್ದದ ಪ್ಲಾಸ್ಟಿಕ್ ಕೊಳವೆಯೊಂದನ್ನು ಇಟ್ಟು ಮುಚ್ಚಳ ಬಿಗಿದರೆ ಮಾತ್ರ ಅದು ಒತ್ತಿ ನಿಲ್ಲುತ್ತದೆ. ಭಾನುವಾರ ಗಾಡಿ ಬಿಚ್ಚಿ ಹಾಕಿ ಪೊಟ್ಟಣ ತೆರೆದರೆ ಕೊಳವೆ ಒಂದೇ ಇತ್ತು.

ಅಂಗಡಿ ಮುಚ್ಚಿತ್ತು. ಸೋಮವಾರ ಬೆಳಿಗ್ಗೆ ಬೀಮು ತರಬೇಕಿತ್ತು. ಮಗ್ಗದಲ್ಲಿ ಏನು ಮುರಿದರೂ ಪೇಟೆಯ ಸಾಮಾನಿಗೆ ಕಾಯುವ ಅಭ್ಯಾಸ ನೇಕಾರರಿಗಿಲ್ಲ. ಬೆಲ್ಟಿನ ಚೂರು, ಟ್ಯೂಬಿನ ತುಂಡು, ಕೈಗೆ ಸಿಕ್ಕಿದ್ದು ಹಾಕಿ ಮಗ್ಗ ಓಡಿಸುತ್ತಾರೆ. ಅವನು ಬುಟ್ಟಿಯಿಂದ ನೂಲು ಸುತ್ತುವ ಮರದ ಕಂಡಿಕೆಯೊಂದನ್ನು ತೆಗೆದು, ಕೊಳವೆಯಷ್ಟೇ ಉದ್ದಕ್ಕೆ ಕುಯ್ದು, ಅರ ಹಾಕಿ ಉಜ್ಜಿ, ಎಡ ಫೋರ್ಕಿನೊಳಗೆ ಇಳಿಸಿದ. ವರ್ಷಗಟ್ಟಲೆ ಲಾಳಿಯೊಳಗೆ ಕೂತು ಹೊಡೆತ ತಿಂದರೂ ಸೀಳದ ಮರ ಇಲ್ಲಿ ಏನಾದೀತು ಎಂದುಕೊಂಡ. ಎರಡು ವಾರ ಏನೂ ಆಗಲಿಲ್ಲ. ಆದರೆ ಬ್ರೇಕು ಹಿಡಿದಾಗಲೆಲ್ಲ ಅವನು ಎಡಕ್ಕೆ ಕಿವಿಗೊಡುತ್ತಿದ್ದ. ಬಲಗಡೆ ಒಮ್ಮೆಯೂ ಕಿವಿಗೊಡಬೇಕೆನಿಸಿರಲಿಲ್ಲ.

ಅವರಿಬ್ಬರೂ ಹೊರಟ ಮೇಲೆ, ಹನ್ನೊಂದು ಗಂಟೆಗೆ ತಡೆಯಲಾಗದೆ ಮೆಕ್ಯಾನಿಕ್ ಇಳಂಗೋವಿನ ಬಳಿಗೆ ಹೋದ. ಯಾರೋ ಪರಿಚಯದವರು ಕೇಳಿದರು ಎಂಬಂತೆ ವಿಷಯ ಎತ್ತಿದ.

"ಯಾರಣ್ಣಾ ಆ ಮಹಾನುಭಾವ?" ಇಳಂಗೋ ನಕ್ಕ. "ಮರಾನೇ ಬೇಕಂದ್ರೆ ಎತ್ತಿನಗಾಡಿ ಇಟ್ಕೋಬೋದಲ್ಲ! ಸಮ ರೋಡಲ್ಲಿ ಸ್ವಲ್ಪ ದಿನ ಓಡುತ್ತೆ. ಎಣ್ಣೇಲಿ ನೆಂದು ನೆಂದು ಉದ್ದಕ್ಕೆ ಸೀಳುತ್ತೆ. ಬೆಟ್ಟ ಇಳಿಯೋವಾಗ ಬ್ರೇಕ್ ಹಿಡಿದ್ರೆ ಭಾರವೆಲ್ಲ ಮುಂದಕ್ಕೇ. ಆಗ ಒಂದು ಪಕ್ಕ ಕುಸಿದ್ರೆ ಹ್ಯಾಂಡಲ್ ಮಾತು ಕೇಳುತ್ತಾ?"

ದೀನದಯಾಳನ ಮುಖ ನೋಡಿ ಅವನ ನಗು ನಿಂತಿತು. "ಅಣ್ಣಾ, ನಿಮ್ ಗಾಡಿ ಎಲ್ಲಿ?"

ನವನೀತನ ಫೋನು ಸಿಗಲಿಲ್ಲ. ಶೆಡ್ಡಿಗೆ ಓಡಿಬಂದು ಮಲ್ಲಿಗಾಗೆ ಹೇಳಿದ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಂದೊಂದಾಗಿ ನಾಲ್ಕೂ ಮಗ್ಗ ನಿಲ್ಲಿಸಿದಳು.

"ಬೆಳಿಗ್ಗೆ ಹೇಳಕ್ಕೆ ಬಾಯಿರ್ಲಿಲ್ವಾ ನಿಮ್ಗೆ?"

"ಅವನು ಅಷ್ಟು ಹೊಗಳ್ತಿದ್ದ..." ಎಂದ. ಹೇಳಿದ ಮೇಲೆ ಅವಳ ಮುಖ ನೋಡಲಾಗದೆ ಚಪ್ಪಲಿ ಮೆಟ್ಟಿಕೊಂಡ.

ಅನ್ನೂರಿನಲ್ಲಿ ಬಸ್ಸು ಬದಲಿಸಿ ಬೆಟ್ಟದ ಬುಡದ ಮೇಟ್ಟುಪಾಳ್ಯಂ ತಲುಪುವಾಗ ಮೂರು ದಾಟಿತ್ತು. ದಾರಿಯುದ್ದಕ್ಕೂ ಫೋನು ಒತ್ತುತ್ತಲೇ ಇದ್ದ. ಕೋತಗಿರಿ ರಸ್ತೆಯಲ್ಲಿ ಆಟೋ ಇಳಿದಾಗ ಕೊನೆಗೂ ರಿಂಗಾಯಿತು. ಎತ್ತಿದವಳು ತಮಿಳ್‌ಸೆಲ್ವಿ. ಅವಳ ಮಾತಿಗಿಂತ ಗಾಳಿಯೇ ಜೋರಾಗಿತ್ತು.

"ಅಣ್ಣಾ! ವೀಳ್ಯ ಕೊಟ್ವಿ! ಅತ್ತೆ ಊಟ ಹಾಕ್ದೆ ಕಳಿಸ್ಲೇ ಇಲ್ಲ. ಈಗ ಇಳೀತಾ ಇದೀವಿ..."

"ನಿಲ್ಸಕ್ಕೆ ಹೇಳಮ್ಮಾ! ಗಾಡಿ ನಿಲ್ಸಕ್ಕೆ ಹೇಳು ಅವನ್ಗೆ!"

"ಏನಣ್ಣಾ? ಕೇಳಿಸ್ತಿಲ್ಲ. ಮುಂದ್ಗಡೆ ಅದೇನೋ ಕಟಕಟ ಅಂತಿದೆಯಂತೆ, ನಿಮ್ಮನ್ನ ಕೇಳು ಅಂತ ಇವ್ರೇ..."

ಲೈನು ಕಟ್ಟಾಯಿತು. ಮತ್ತೆ ಒತ್ತಿದರೆ ಬರೀ ಹೆಣ್ಣುದನಿಯ ತಮಿಳು ಪ್ರಕಟಣೆ.

ಅವನು ಬೆಟ್ಟದ ಮೊದಲ ತಿರುವಿನವರೆಗೆ ನಡೆದು, ತಡೆಗೋಡೆಗೆ ಒರಗಿ ನಿಂತ. ಮೇಲಿನಿಂದ ಕ್ಯಾರೆಟ್ ತುಂಬಿದ ಲಾರಿ ಬಂತು, ಎರಡು ಕಾರು ಬಂದವು. ಬೈಕುಗಳು ಬಂದಾಗಲೆಲ್ಲ ಕೈಯೆತ್ತಿ ರಸ್ತೆಗಿಳಿಯುತ್ತಿದ್ದ. ಹೆಲ್ಮೆಟ್ಟಿನೊಳಗಿನ ಅಪರಿಚಿತ ಮುಖಗಳು ಅವನನ್ನು ವಿಚಿತ್ರವಾಗಿ ನೋಡಿ ಹೋದವು.

ಆಮೇಲೆ ಮೇಲಿನಿಂದ ಯಾವ ಗಾಡಿಯೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಹತ್ತುವ ಗಾಡಿಗಳೂ ನಿಧಾನಿಸಿ, ಒಂದರ ಹಿಂದೆ ಒಂದು ನಿಂತವು. ಸಾಲು ಅವನಿದ್ದ ತಿರುವನ್ನು ದಾಟಿ ಕೆಳಕ್ಕೆ ಬೆಳೆಯಿತು. ಒಂದು ಬಸ್ಸು ಅವನ ಪಕ್ಕದಲ್ಲೇ ನಿಂತಿತು. ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ಮೇಲಕ್ಕೆ ನೋಡಿದ, "ಮೇಲೆ ಏನೋ ಆಗಿರ್ಬೇಕು" ಎಂದ, ಹೆಗಲ ಟವೆಲಿನಿಂದ ಕತ್ತು ಒರೆಸಿಕೊಂಡ, ಎಂಜಿನ್ ಆರಿಸಿದ. ಅದರ ಹಿಂದಿನ ಕಾರಿನದೂ ಆರಿತು, ಅದರ ಹಿಂದಿನ ಲಾರಿಯದೂ. ರಸ್ತೆಬದಿಯ ಚರಂಡಿಯಲ್ಲಿ ನೀರು ಹರಿಯುತ್ತಿರುವುದು ಆಗ ಕೇಳಿಸಿತು.