ಎರಡು ಕೋಣೆಗಳ ನಡುವಿನ ಕೇಬಲ್

ನಾನು ಒಂದು ಕಪ್ಪು ಕೇಬಲ್. ಹುಟ್ಟಿದ್ದು ದೂರದ ಕಾರ್ಖಾನೆಯೊಂದರಲ್ಲಿ. ಮೊದಲ ಕೆಲವು ವರ್ಷ ಸಾವಿರಾರು ಕೇಬಲ್‌ಗಳ ನಡುವೆ, ಕಂಪ್ಯೂಟರುಗಳೇ ತುಂಬಿದ ತಣ್ಣನೆಯ ದೊಡ್ಡ ಹಾಲ್‌ನಲ್ಲಿ ದುಡಿದೆ. ಅಲ್ಲಿ ಹೊಸ ಯಂತ್ರಗಳು ಬಂದಾಗ ನನ್ನನ್ನು ಹಳೆಯ ಸಾಮಾನಿನ ಅಂಗಡಿಗೆ ಹಾಕಿದರು. ಅಲ್ಲಿಂದ ನನ್ನನ್ನೂ ನನ್ನಂಥದೇ ಇನ್ನೊಂದನ್ನೂ ಗದಗಿನ ಮೃತ್ಯುಂಜಯ ಕೊಂಡುತಂದ.

ಅವನು ಮದುವೆಗಳ ವಿಡಿಯೊ ತೆಗೆಯುತ್ತಿದ್ದ. ಹೆಂಡತಿ ಶಿವಲೀಲಾ ಅದನ್ನು ಕತ್ತರಿಸಿ ಜೋಡಿಸುತ್ತಿದ್ದಳು. ತಂದೆ ಗದಿಗೆಪ್ಪ ತಮ್ಮ ಕೋಣೆಯಲ್ಲಿ ಕುಳಿತು ಆಲ್ಬಮ್ ಮಾಡುತ್ತಿದ್ದರು. ವಿಡಿಯೊಗಳೆಲ್ಲ ಇದ್ದದ್ದು ನಡುಮನೆಯ ದೊಡ್ಡ ಕಂಪ್ಯೂಟರಿನಲ್ಲಿ, ಅಂದರೆ ಸರ್ವರಿನಲ್ಲಿ; ಅಲ್ಲಿಂದ ಕೋಣೆಗಳಿಗೆ ನಿಧಾನವಾಗಿ ಬರುತ್ತಿದ್ದವು. ಒಂದು ಮದುವೆ ತೆರೆದುಕೊಳ್ಳುವಷ್ಟರಲ್ಲಿ ಶಿವಲೀಲಾಳ ಚಹಾ ಆರಿಹೋಗುತ್ತಿತ್ತು.

"ನಡುವ ಮತ್ತೊಂದು ಡಬ್ಬಿ ಬ್ಯಾಡ, ಈ ಕೇಬಲ್ ಸರ್ವರಿನಿಂದ ನೇರ ಹಾಕಿಬಿಡೂಣು," ಎಂದ ಮೃತ್ಯುಂಜಯ. ಗೋಡೆಗೆ ತೂತು ಕೊರೆದ. ನನ್ನನ್ನು ಸರ್ವರಿನಿಂದ ಗದಿಗೆಪ್ಪನವರ ಕಂಪ್ಯೂಟರಿಗೆ ಎಳೆದ, ನನ್ನ ಜೊತೆಯವನನ್ನು ಶಿವಲೀಲಾಳ ಕಂಪ್ಯೂಟರಿಗೆ. ಮೊದಲು ಏನೂ ನಡೆಯಲಿಲ್ಲ. ಸರ್ವರಿಗೂ ಕಂಪ್ಯೂಟರಿಗೂ ಒಂದೇ ಸಂಖ್ಯೆಯ ವಿಳಾಸ ಕೊಟ್ಟುಬಿಟ್ಟಿದ್ದ, ಒಂದಕ್ಕೊಂದು ಗುರುತೇ ಸಿಗಲಿಲ್ಲ. ತಲೆ ಚಚ್ಚಿಕೊಂಡು ತಿದ್ದಿದ. ತುದಿಯಲ್ಲಿ ಹಸಿರು ದೀಪ ಮಿನುಗಿತು, ವಿಡಿಯೊ ಥಟ್ಟನೆ ತೆರೆದುಕೊಂಡಿತು.

"ಏನಪಾ ಇದು, ಬಿರುಗಾಳಿ ಬಂದಂಗ ಬಂತಲ್ಲ!" ಎಂದು ಗದಿಗೆಪ್ಪ ನಕ್ಕರು.

ಮರುವರ್ಷ ಒಂದು ಮದುವೆ ಮುಗಿಸಿಕೊಂಡು ಬರುವಾಗ ಮೃತ್ಯುಂಜಯನ ಬೈಕಿಗೆ ಲಾರಿ ಬಡಿಯಿತು. ಅವನು ಮನೆಗೆ ಮರಳಲಿಲ್ಲ.

ಆಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಅತ್ತರೆ ಮಾವನಿಗೆ ಸಂಕಟವೆಂದು ಸೊಸೆ, ಸೊಸೆಗೆ ಸಂಕಟವೆಂದು ಮಾವ, ಇಬ್ಬರೂ ಬಾಗಿಲು ಮುಚ್ಚಿಕೊಂಡು ಕೆಲಸಕ್ಕೆ ಕೂರುತ್ತಿದ್ದರು. ಕೆಲಸ ಮುಗಿದ ಮೇಲೆ ಗದಿಗೆಪ್ಪ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾರದೋ ಒಂದು ಮದುವೆಯನ್ನು ತೆರೆಯುತ್ತಿದ್ದರು. ಕ್ಯಾಮೆರಾ ಹಿಡಿದವನು ಚಿತ್ರದಲ್ಲಿ ಕಾಣುವುದಿಲ್ಲವಲ್ಲ. ಮಗನ ದನಿ ಮಾತ್ರ ಇತ್ತು. "ಯಕ್ಕಾರ, ಸ್ವಲ್ಪ ಈ ಕಡಿ ನೋಡ್ರಿ. ಹಾಂ, ನಗ್ರಿ." ಅಷ್ಟೇ. ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ಸರ್ವರಿನಲ್ಲಿ ನನ್ನ ಪಕ್ಕಕ್ಕೇ ಸಿಕ್ಕಿಸಿಕೊಂಡಿದ್ದ ಜೊತೆಯವನೂ ಅದೇ ಮದುವೆಯನ್ನು ಶಿವಲೀಲಾಳ ಕೋಣೆಗೆ ಒಯ್ಯುತ್ತಿದ್ದ. ಇದು ನಮಗಿಬ್ಬರಿಗೆ ಮಾತ್ರ ಗೊತ್ತಿತ್ತು. ಹೇಳಲು ನಮಗೆ ಬಾಯಿಲ್ಲ.

ಒಂದು ಸಂಜೆ ಹೆಡ್‌ಫೋನ್ ಕಂಪ್ಯೂಟರಿನಿಂದ ಕಳಚಿಬಂದು, ಆ ದನಿ ಮನೆ ತುಂಬ ಕೇಳಿಬಿಟ್ಟಿತು. ರೊಟ್ಟಿ ಬಡಿಯುತ್ತಿದ್ದ ಶಿವಲೀಲಾ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಗದಿಗೆಪ್ಪ ಗಡಬಡಿಸಿ ನಿಲ್ಲಿಸಲು ಹೋದರು.

"ಬಂದ್ ಮಾಡಬ್ಯಾಡ್ರಿ ಮಾವಾರ," ಎಂದಳು. "ನಾನೂ ದಿನಾ ಇದನ್ನ ಕೇಳ್ತೀನ್ರಿ."

"ನೀನೂ?" ಎಂದರು ಗದಿಗೆಪ್ಪ. "ನಾ ಒಬ್ಬಾವನ ಅಂತ ತಿಳ್ಕೊಂಡಿದ್ನಲ್ಲ ಯವ್ವಾ..."

ಅವತ್ತು ಇಬ್ಬರೂ ಒಟ್ಟಿಗೆ ಕುಳಿತು ಬಾಯಿಬಿಟ್ಟು ಅತ್ತರು.

ಮರುದಿನದಿಂದ ಗದಿಗೆಪ್ಪನವರ ಕುರ್ಚಿ ಸೊಸೆಯ ಕೋಣೆಗೆ ಹೋಯಿತು. ಇಬ್ಬರಿಗೂ ಒಂದೇ ಕಂಪ್ಯೂಟರ್ ಸಾಕಾಯಿತು. ಮಾವನ ಹಳೆಯದನ್ನು ಗುಜರಿಯವನಿಗೆ ಕೊಡುವಾಗ ಶಿವಲೀಲಾ ನನ್ನನ್ನೂ ಗೋಡೆಯಿಂದ ಎಳೆದು ತೆಗೆದಳು.

"ಇದೊಂದು ಇರಲಿ ಬಿಡು," ಎಂದು ಗದಿಗೆಪ್ಪ ನನ್ನನ್ನು ಅವಳ ಕೈಯಿಂದ ತೆಗೆದುಕೊಂಡರು. "ಅಂವ ಕೈಯಾರ ಎಳದದ್ದು."

ಈಗ ಆ ಖಾಲಿ ಕೋಣೆಯ ಮೊಳೆಯ ಮೇಲೆ ಸುರುಳಿಯಾಗಿ ನೇತಾಡುತ್ತಿದ್ದೇನೆ. ಇಲ್ಲಿಗೆ ಯಾರೂ ಬರುವುದಿಲ್ಲ. ಆಚೆ ಕೋಣೆಯಲ್ಲಿ ಅವರಿಬ್ಬರೂ ಯಾವುದೋ ಮದುಮಗನ ಪೇಟದ ಬಗ್ಗೆ ವಾದ ಮಾಡುತ್ತಿರುತ್ತಾರೆ. ಏನು ವಾದವೋ, ನನಗೆ ಪೂರ್ತಿ ಕೇಳಿಸುವುದಿಲ್ಲ.