ಮೇಲಿನ ಚಾದರ

ಅರಗಿನ ಮುದ್ರೆ ಒಡೆದು ಚೂರುಗಳು ಮೇಜಿನ ಗಾಜಿನ ಮೇಲೆ ಉದುರಿದವು. ಅಧೀಕ್ಷಕ ಅನಂತ ದೇಸಾಯರು ಅವನ್ನು ಅಂಗೈಯಿಂದ ಪಕ್ಕಕ್ಕೆ ಸರಿಸಿ, ಎರಡನೆಯ ಪೊಟ್ಟಣದ ಚಾದರವನ್ನು ಬಿಡಿಸಿ, ಮೊದಲನೆಯದರ ತುದಿಗೆ ತುದಿ ಸೇರಿಸಿ ಹಾಸಿದರು. ಹಾಸಿದ ಕೈ ಅಲ್ಲಿಯೇ ನಿಂತಿತು. ಬಿಳಿಯ ಮೈ, ಅಂಚಿನುದ್ದಕ್ಕೂ ಕೆಂಪು ಗೀಟು, ಗೀಟಿನ ನಡುವೆ ಬಣ್ಣ ಹೆಚ್ಚು ಕುಡಿದು ಕಪ್ಪಿಟ್ಟ ಒಂದೇ ಒಂದು ಎಳೆ. ಆ ಎಳೆ ಒಂದರಲ್ಲಿ ಎಲ್ಲಿ ನಿಂತಿತ್ತೋ, ಇನ್ನೊಂದರಲ್ಲಿ ಅಲ್ಲಿಂದಲೇ ಮುಂದೆ ನಡೆದಿತ್ತು.

ಗೋಡೆಯ ಬದಿಗೆ ಕುಳಿತಿದ್ದ ವಿಜಯಮಹಾಂತೇಶ ಕುರ್ಚಿಯ ತುದಿಗೆ ಸರಿದ. ಮೊದಲ ಪೊಟ್ಟಣ ಅವನು ಕಾರ್ಯದರ್ಶಿಯಾಗಿದ್ದ ಗುಳೇದಗುಡ್ಡದ ನೇಕಾರರ ಸಂಘದ್ದು. ಎರಡನೆಯದು ಇಳಕಲ್ಲಿನ ಬಟ್ಟೆ ವ್ಯಾಪಾರಿ, ಅವನ ಕಾಲೇಜಿನ ಗೆಳೆಯ ಅಕೀಲನದು. ಬೇರೆ ಟೆಂಡರು, ಬೇರೆ ದರ, ಬೇರೆ ಸಹಿ.

"ಅವಳಿ ಜವಳಿ ಹುಟ್ಯಾವಲ್ರಿ ಸಾಹೇಬ್ರ," ಎಂದು ಆಚೆ ಕುರ್ಚಿಯಿಂದ ಗುತ್ತಿಗೆದಾರ ವಿಕ್ರಮ ನಕ್ಕ. "ಅಪ್ಪಂದಿರು ಇಬ್ಬರು ಅಂತ ಕಾಗದ ಹೇಳ್ತದ. ಅವ್ವ ಮಾತ್ರ ಒಬ್ಬಾಕಿನ ಇದ್ಹಂಗ ಕಾಣಸ್ತದ."

ಟೆಂಡರು ಸಮಿತಿಯ ಸದಸ್ಯರು ನಕ್ಕರು. ದೇಸಾಯರು ನಗಲಿಲ್ಲ.

ಸರ್ಕಾರಿ ವಸತಿನಿಲಯದ ಮಕ್ಕಳಿಗೆ ಚಾದರ ಕೊಡುವ ಕೆಲಸ ಮೊದಲು ಟೆಂಡರಿಲ್ಲದೆಯೇ ಸಂಘಕ್ಕೆ ಬರುತ್ತಿತ್ತು. ಕೈಮಗ್ಗಕ್ಕೆ ವಿನಾಯಿತಿ ಇತ್ತು. ಆ ವಿನಾಯಿತಿಯ ಬಾಗಿಲಿನಿಂದ, ಮಗ್ಗವನ್ನು ಕಣ್ಣಿನಿಂದಲೂ ಕಾಣದವರು ನೇಕಾರರ ಹೆಸರು ಹೊತ್ತು ನುಗ್ಗತೊಡಗಿದ ಮೇಲೆ ಬಾಗಿಲನ್ನೇ ಮುಚ್ಚಲಾಯಿತು. ಇನ್ನು ಮುಂದೆ ಎಲ್ಲವೂ ಟೆಂಡರು, ಎಲ್ಲವೂ ಆನ್‌ಲೈನು, ಎಲ್ಲವೂ ಪಾರದರ್ಶಕ; ಮುದ್ರೆಯೊತ್ತಿದ ಮಾದರಿ ಮಾತ್ರ ಕಚೇರಿಗೆ ತಲುಪಿಸಬೇಕು. ವಿಜಯಮಹಾಂತೇಶ ಇದಕ್ಕೆ ಮರುಗಿದವನಲ್ಲ. ಕಳ್ಳರು ಹೊರಬೀಳುತ್ತಾರೆ, ನಾವು ಉಳಿಯುತ್ತೇವೆ ಎಂದು ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿದ್ದ. ಚಪ್ಪಾಳೆಯೂ ಬಿದ್ದಿತ್ತು.

ಮೊದಲ ಸಲ ಕರೆದಾಗ ಬಂದದ್ದು ಸಂಘದ ಟೆಂಡರು ಮಾತ್ರ. ಒಂದೇ ಬಂದಿದೆ, ಸ್ಪರ್ಧೆಯಿಲ್ಲ ಎಂದು ಅದು ರದ್ದಾಯಿತು. ಅಂದು ನವನಗರದ ಇದೇ ಸರ್ಕಾರಿ ಕಚೇರಿಯ ಪಡಸಾಲೆಯಲ್ಲಿ ದೇಸಾಯರು ಅವನನ್ನು ಬದಿಗೆ ಕರೆದಿದ್ದರು.

"ಮತ್ತ ನಿಮ್ದೊಂದ ಬಂದ್ರ ಮ್ಯಾಲಿನವರು ಮತ್ತ ವಾಪಸ್ ಕಳಸ್ತಾರ ನೋಡ್ರಿ. ಜೋಡಿಗೆ ಒಂದರೆ ಇರಬೇಕು." ಅಷ್ಟು ಹೇಳಿ ಅವರು ಕನ್ನಡಕ ಒರೆಸುತ್ತ ಒಳಗೆ ಹೋಗಿದ್ದರು.

ಸಂಘದ ಮಗ್ಗಗಳಲ್ಲಿ ಅರ್ಧ ಆಗಲೇ ನಿಂತಿದ್ದವು. ಈ ಕೆಲಸವೂ ತಪ್ಪಿದರೆ ಉಳಿದರ್ಧವೂ ನಿಲ್ಲುವುದು ಅವನಿಗೆ ಗೊತ್ತಿತ್ತು. ಮರುದಿನವೇ ಇಳಕಲ್ಲಿನ ಬಸ್ಸು ಹತ್ತಿದ.

"ನಿನ್ನ ಹೆಸರಿನ್ಯಾಗ ಒಂದು ಟೆಂಡರ ಹಾಕಪಾ. ದರ ಏರಿಸಿ ಬರಿ. ಮಾದರಿಗೆ ಬಜಾರದಾಗಿಂದು ಯಾವದರೆ ತೆಳ್ಳನ ಚಾದರ ಇಟ್ಟುಬಿಡು."

ಅಕೀಲ ಸೀರೆಯ ಮಡಿಕೆ ಸರಿಮಾಡುತ್ತಿದ್ದವನು ತಲೆಯೆತ್ತಿದ. "ದರ ಬೇಕಾದಷ್ಟು ಏರಸ್ತೇನಿ. ಆದ್ರ ತೆಳ್ಳನ ಅರಿವಿ ನಾ ಇಡಂಗಿಲ್ಲ. ಅದರ ಮ್ಯಾಲ ನಮ್ಮಪ್ಪನ ಅಂಗಡಿ ಹೆಸರು ಬರ್ತದಪಾ. ಸೋಲಾಕ ಹೊಂಟೇನಿ ಅಂತ ಲುಂಗಿ ಬಿಚ್ಚಿ ಹೋಗಲೇನು?"

ಹಾಗಾಗಿ ವಿಜಯಮಹಾಂತೇಶ ಸಂಗವ್ವನಲ್ಲಿಗೆ ಬಂದ. ಸಂಘಕ್ಕೆ ಚಾದರ ನೇಯುವವರಲ್ಲಿ ಅವಳೇ ಹಿರಿಯಳು. ಮನೆಯ ನಡುಮನೆಯಲ್ಲೇ ಮಗ್ಗದ ಕುಣಿ. ಅದರಲ್ಲಿ ಕಾಲಿಳಿಬಿಟ್ಟು, ಸಂಘದ ಮಾದರಿಯನ್ನು ಆಗತಾನೇ ನೇಯ್ದು ಮುಗಿಸಿದ್ದಳು; ಮಗ್ಗದ ಮೇಲೆ ಉದ್ದ ನೂಲಿನ ಹಾಸು ಇನ್ನೂ ಉಳಿದಿತ್ತು.

"ಇದ ಹಾಸಿನ ಮ್ಯಾಲ ಇನ್ನೊಂದು ನೇಯಿ ಯಕ್ಕಾ. ತುಸು ಸಡಲ ಇರಲಿ. ಸೋಲೋ ಚಾದರ ಅದು."

"ಸೋಲೋ ಚಾದರ ಹೆಂಗಿರ್ತದ್ರಿ ತಮ್ಮಾರ? ನಾ ಕಂಡಿಲ್ಲ. ಒಂದು ತಂದು ತೋರಸ್ರಿ, ಹಂಗ ನೇಯ್ತೇನಿ."

ಹಾಗೆಂದರೂ ಅವಳು ಗೇಣುದ್ದ ಸಡಿಲವಾಗಿ ನೇಯ್ದಳು. ಅದರ ಮೇಲೆ ಕೈಯಾಡಿಸಿ, ಮುಖ ಕಿವಿಚಿ, ಎಳೆಯೆಳೆಯಾಗಿ ಕಿತ್ತು ತೆಗೆದಳು.

"ಕೈ ಕೇಳವಲ್ದು. ಹೊಚ್ಚಿಕೊಳ್ಳೋದು ಯಾರದೋ ಕೂಸು. ಸೋಲೋದಿದ್ರ ನೀವು ಸೋಲ್ರಿ, ಚಾದರ ಯಾಕ ಸೋಲಬೇಕು?"

ಲಾಳಿ ಮತ್ತೆ ತನ್ನ ಹದಕ್ಕೆ ಓಡತೊಡಗಿತು. ವಿಜಯಮಹಾಂತೇಶ ತಡೆಯಬಹುದಾಗಿತ್ತು, ತಡೆಯಲಿಲ್ಲ. ತಡೆಯದೆ ನಿಂತಾಗ ಅವನಿಗೆ ಸುಖವೆನಿಸಿತ್ತು. ತನ್ನೂರಿನಲ್ಲಿ ಕೆಟ್ಟದ್ದನ್ನು ನೇಯಬಲ್ಲ ಕೈಯಿಲ್ಲವೆಂಬ ಹೆಮ್ಮೆಯನ್ನು ಎದೆಯಲ್ಲಿಟ್ಟುಕೊಂಡು, ಆ ಚಾದರವನ್ನು ತಾನೇ ಮಡಿಚಿ ಇಳಕಲ್ಲಿಗೆ ಒಯ್ದು ಕೊಟ್ಟಿದ್ದ. ಆ ಹೆಮ್ಮೆ ಈಗ ಗಾಜಿನ ಮೇಲೆ, ದೀಪದ ಬೆಳಕಿನಲ್ಲಿ, ಎಲ್ಲರೆದುರು ಮೈಚಾಚಿ ಮಲಗಿತ್ತು.

ಉಳಿದೆರಡು ಪೊಟ್ಟಣಗಳನ್ನೂ ಒಡೆದರು. ಒಂದು ವಿಕ್ರಮನ ಹೆಂಡತಿ ಪ್ರಾಚಿಯ ಹೆಸರಿನ ಸಂಸ್ಥೆಯದು. ಕಾರ್ಖಾನೆಯ ತೆಳು ಚಾದರ, ಗಂಜಿಯ ಬಲದಿಂದ ನಿಂತದ್ದು. ಇನ್ನೊಂದು ಅವಳ ತಮ್ಮ ನಿತಿನನದು. ಅದನ್ನು ಬೆಳಕಿಗೆ ಹಿಡಿದರೆ ಆಚೆ ಕುಳಿತವರ ಮುಖ ಕಾಣುತ್ತಿತ್ತು.

"ಇದರಾಗ ಮೀನ ಹಿಡೀಬಹುದು," ಎಂದರು ಒಬ್ಬ ಸದಸ್ಯರು. ಎಲ್ಲರಿಗಿಂತ ಜೋರಾಗಿ ನಕ್ಕವನು ವಿಕ್ರಮನೇ. ನಗುತ್ತಲೇ ಜೇಬಿನಿಂದ ಪೆನ್ನು ತೆಗೆದು, ಸಂಘವೂ ಅಕೀಲನೂ ಒಳಗೊಳಗೇ ಕೂಡಿಕೊಂಡಿದ್ದಾರೆಂದು ಆಕ್ಷೇಪಣೆ ಬರೆಯತೊಡಗಿದ.

ಊಟದ ಹೊತ್ತಿಗೆ ಕೋಣೆ ಖಾಲಿಯಾದಾಗ ವಿಜಯಮಹಾಂತೇಶ ಮೇಜಿನ ಬಳಿ ಬಂದ. "ಸಾಹೇಬ್ರ, ಅವರ ಎರಡೂ ಒಂದ ಮನಿಯಾವು. ಊರಿಗೆಲ್ಲಾ ಗೊತ್ತೈತಿ."

"ಊರಿಗೆ ಗೊತ್ತಿದ್ದದ್ದು ಫೈಲಿಗೆ ಗೊತ್ತಾಗಬೇಕಲ್ರಿ. ಅವರ ಹೆಸರು ಬ್ಯಾರೆ, ಬ್ಯಾಂಕು ಬ್ಯಾರೆ, ಅರಿವಿ ಅಂತೂ ಭಾಳ ಬ್ಯಾರೆ."

"ಜೋಡಿಗೆ ಒಂದು ಇರಬೇಕು ಅಂದವರು ನೀವರಿ."

 ದೇಸಾಯರ ಬೆರಳುಗಳು ಸಂಗವ್ವನ ಚಾದರದ ಅಂಚನ್ನು ಸುಮ್ಮನೆ ಸವರುತ್ತಿದ್ದವು.

"ಇಷ್ಟು ವರ್ಷದಾಗ ಇಂಥಾ ಅರಿವಿ ಈ ಟೇಬಲಿಗೆ ಬಂದಿದ್ದಿಲ್ರಿ," ಎಂದರು ಕಡೆಗೆ, ಮುಖ ಎತ್ತದೆ. "ಒಂದು ಬಂದಿದ್ರ ನಾನೂ ಖುಷಿಲೆ ಸಹಿ ಮಾಡ್ತಿದ್ದೆ. ಎರಡು ಬಂದ್ವು."

ಸಂಘವನ್ನೂ ಅಕೀಲನ ಅಂಗಡಿಯನ್ನೂ ಮೂರು ವರ್ಷ ಯಾವ ಸರ್ಕಾರಿ ಟೆಂಡರಿನಲ್ಲೂ ಭಾಗವಹಿಸದಂತೆ ತಡೆದ ಆದೇಶ ಜಾಲತಾಣದಲ್ಲಿ ಪ್ರಕಟವಾಯಿತು. ಲೋಕದ ಯಾವ ಮೂಲೆಯಲ್ಲಿ ಕುಳಿತವರೂ ಅದನ್ನು ಓದಬಹುದಾಗಿತ್ತು. ವಿಜಯಮಹಾಂತೇಶ ಓದಿದ. ಸುಳ್ಳಿನ ಒಂದು ಸಾಲಾದರೂ ಸಿಕ್ಕೀತೆಂದು ಮತ್ತೆ ಮತ್ತೆ ಓದಿದ, ಸಿಗಲಿಲ್ಲ. ಕೆಲಸ ಪ್ರಾಚಿಯ ಸಂಸ್ಥೆಗೆ ಹೋಗಿತ್ತು. ಉಳಿದವರಲ್ಲಿ ಕಡಿಮೆ ದರ ಅವಳದೇ ಆಗಿತ್ತು.

"ಹೋಗಲಿ ಬಿಡಲೇ," ಎಂದ ಅಕೀಲ ಫೋನಿನಲ್ಲಿ.  "ನಮ್ಮಪ್ಪ ಇದ್ದಿದ್ರ ಒಂದ ಮಾತು ಕೇಳ್ತಿದ್ದ. ಅರಿವಿ ಹೆಂಗಿತ್ತೋ ಅಂತ."

ಮಗ್ಗಗಳು ಒಂದೊಂದಾಗಿ ನಿಂತವು. ಓಣಿಯಲ್ಲಿ ನಡೆದರೆ ತನ್ನ ಚಪ್ಪಲಿಯ ಸದ್ದು ತನಗೇ ಕೇಳುವಷ್ಟು ಮೌನ. ಅಂಥ ಒಂದು ಮಧ್ಯಾಹ್ನ ವಿಕ್ರಮನ ಕಾರು ಸಂಘದ ಮುಂದೆ ನಿಂತಿತು.

"ನನಗ ನಿಮ್ಮ ಮ್ಯಾಲ ಸಿಟ್ಟಿಲ್ರಿ ಸೆಕ್ರೆಟರಿ," ಎಂದು ಅವನು ಕೇಳದೆಯೇ ಕುರ್ಚಿ ಎಳೆದು ಕೂತ. "ಸಿಟ್ಟಿದ್ರ ನಿಮ್ಮ ಬಾಗಿಲಿಗೆ ಕೆಲಸ ತರ್ತಿದ್ನೇನು? ಗಂಟಿಗೊಂದರಂಗ, ಎಲ್ಲಾದರ ಮ್ಯಾಲ ಇಡಾಕ, ನಿಮ್ಮ ಚಾದರ ಬೇಕ್ರಿ. ಅದ ಬಿಳಿ, ಅದ ಕೆಂಪು ಗೀಟು. ನನ್ನವಕ್ಕೂ ಅದ ಗೀಟು ಹೊಡಸೇನಿ. ತಪಾಸಣಿಗೆ ಬಂದವರು ಮ್ಯಾಲಿಂದು ಮುಟ್ಟಿ ನೋಡ್ತಾರ. ಗಂಟು ಬಿಚ್ಚೋ ತ್ರಾಸು ಯಾರು ತಗೋತಾರ್ರಿ?"

ಎದ್ದು ಹೋಗೆನ್ನಬೇಕೆಂದು ವಿಜಯಮಹಾಂತೇಶನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಗಿಲಲ್ಲಿ ಇಬ್ಬರು ನೇಕಾರರು ಬಂದು ನಿಂತಿದ್ದರು, ಅವರ ಹಿಂದೆ ಮತ್ತಿಬ್ಬರು. ನಾಲ್ವರೂ ಅವನನ್ನೇ ನೋಡುತ್ತಿದ್ದರು.

ಸಂಜೆ ಸಂಗವ್ವನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ, ಗಂಟಿನ ಮಾತನ್ನೂ ಮುಚ್ಚಿಡದೆ. ಆಕೆ ಒಲ್ಲೆನೆಂದಾಳು, ಅದನ್ನು ವಿಕ್ರಮನಿಗೆ ಮುಟ್ಟಿಸಿದರೆ ತನ್ನ ಕೆಲಸ ಮುಗಿದೀತು ಎಂದು ಅವನ ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು.

ಅವಳು ಮಗ್ಗದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಎಂಥಾದ್ದು ನೇಯ್ಲಿ ತಮ್ಮಾರ? ಗೆಲ್ಲೋದೋ, ಸೋಲೋದೋ?"

 ಅವಳು ಕಾದಳು, ಕಾದು ಕುಣಿಗಿಳಿದಳು.

ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ, ಬಾದಾಮಿಯ ಕಡೆಗೆ ಹೋಗುವ ರಸ್ತೆಯ ಚಹಾದಂಗಡಿಯ ಮುಂದೆ ಅವನು ಬಸ್ಸಿಗೆ ಕಾಯುತ್ತಿದ್ದ. ಹಿಂಬದಿ ತೆರೆದ ಟೆಂಪೋ ಒಂದು ಚಹಾಕ್ಕೆಂದು ನಿಂತಿತು. ಒಳಗೆ ವಸತಿನಿಲಯಕ್ಕೆ ಹೊರಟ, ಹಗ್ಗ ಕಟ್ಟಿದ ಗಂಟುಗಳು. ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ಗಂಟಿನೊಳಗಿನ ತೆಳು ಚಾದರಗಳ ಅಂಚುಗಳೆಲ್ಲ ಪಟಪಟನೆ ಬಡಿದುಕೊಳ್ಳುತ್ತಿದ್ದವು. ಪ್ರತಿ ಗಂಟಿನ ಮೇಲಿನದೊಂದು ಮಾತ್ರ ತನ್ನ ಕೆಂಪು ಗೀಟನ್ನು ನೆಟ್ಟಗೆ ಹಿಡಿದುಕೊಂಡು, ಅಲುಗದೆ ಮಲಗಿತ್ತು.